ಎಂಜಿನ್ ಲೈಟ್ ಬಂತು ಅಂತ ಸೆನ್ಸರ್ ತರೋಕೆ ಓಡಬೇಡಿ

ಮಳೆಗಾಲ ಹಿಡಿದ ಮೇಲೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಕಾರಿನಲ್ಲಿ ಹಳದಿ ಎಂಜಿನ್ ಲೈಟ್ ಬಂದಿದೆ, ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದ್ದಾರೆ, ಕಾರಿನ ಕಂಪ್ಯೂಟರ್ ಬರೆದಿಟ್ಟ ಏನೋ ಒಂದು ತಪ್ಪಿನ ಕೋಡ್ ಬಂದಿದೆ, ಸೆನ್ಸರ್ ಹೋಗಿದೆಯಂತೆ, ಹಾಸನದಲ್ಲೂ ಸಿಗಲ್ವಂತೆ, ಬೆಂಗಳೂರಿಂದ ತರಿಸಬೇಕಂತೆ, ತರಿಸಿಬಿಡಲಾ? ನನ್ನ ಉತ್ತರವೂ ಪ್ರತಿ ಸಲ ಒಂದೇ. ಬೇಡ, ತಡಿ. ಮೊದಲು ಕೋಡ್ ಯಾವುದು ಅಂತ ಹೇಳು.

ನಾನು ಕಾರ್ ಮೆಕ್ಯಾನಿಕ್ ಅಲ್ಲ. ಚಿಕ್ಕಮಗಳೂರಿನಲ್ಲಿ ಪಂಪ್‌ಸೆಟ್, ಮೋಟರ್, ಸ್ಟಾರ್ಟರ್ ಪ್ಯಾನಲ್ ಅಂತ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡಿರುವವನು. ಮಲ್ಟಿಮೀಟರ್ ಹಿಡಿದು ಕೈಗೆ ಅಭ್ಯಾಸ. ಕಾರಿನ ಹುಚ್ಚು ಮೊದಲಿಂದ ಇದೆ. ಬ್ಲೂಟೂತ್ ಸ್ಕ್ಯಾನರ್ ಒಂದು ಯಾವಾಗಲೂ ಗಾಡಿಯಲ್ಲೇ ಬಿದ್ದಿರುತ್ತದೆ. ನೆಂಟರಿಗೆ, ಗೆಳೆಯರಿಗೆ ಅದು ಗೊತ್ತಾಗಿ ಹೋಗಿದೆ. ಹಾಗಾಗಿ ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದುಬಿಡುತ್ತೇನೆ.

ಒಂದೇ ಮಾತು ನೆನಪಿಡಿ ಸಾಕು. ಕೋಡ್ ಅನ್ನೋದು ಠಾಣೆಗೆ ಬಂದ ದೂರು ಇದ್ದ ಹಾಗೆ. ದೂರು ಕೊಟ್ಟವರ ಹೆಸರು ಅದರಲ್ಲಿ ಇರುತ್ತದೆ, ತಪ್ಪು ಮಾಡಿದವರ ಹೆಸರು ಇರಲೇಬೇಕು ಅಂತಿಲ್ಲ. ನಮ್ಮಲ್ಲಿ ಆಗುತ್ತಿರುವುದು ಏನು ಅಂದರೆ, ಆಕ್ಸಿಜನ್ ಸೆನ್ಸರ್ ಏನೋ ಹೇಳಿತು ಅಂತ ಆಕ್ಸಿಜನ್ ಸೆನ್ಸರನ್ನೇ ಕಿತ್ತು ಹೊಸದು ಹಾಕುವುದು. ಅದು ಪಾಪ ನಿಜವನ್ನೇ ಹೇಳಿರುತ್ತದೆ.

ಕೋಡ್ ಓದುವುದು ಬ್ರಹ್ಮವಿದ್ಯೆಯೇನಲ್ಲ. ಮೊದಲು ಒಂದು ಅಕ್ಷರ. ಪಿ ಇದ್ದರೆ ಎಂಜಿನ್, ಗೇರ್‌ಬಾಕ್ಸ್ ಕಡೆಯದು. ಸಿ ಅಂದರೆ ಬ್ರೇಕ್, ಎಬಿಎಸ್ ಕಡೆಯದು. ಬಿ ಅಂದರೆ ಏರ್‌ಬ್ಯಾಗ್, ಎಸಿ ಅಂಥವು. ಯು ಅಂದರೆ ಕಾರಿನೊಳಗಿನ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತು ಬಿಟ್ಟಿವೆ ಅಂತ. ಆಮೇಲಿನ ಅಂಕಿ ಸೊನ್ನೆ ಇದ್ದರೆ ಎಲ್ಲ ಕಂಪನಿಯ ಕಾರಿಗೂ ಅದೇ ಅರ್ಥ, 1 ಇದ್ದರೆ ಆ ಕಂಪನಿಯದೇ ಸ್ವಂತ ಕೋಡ್, ಅದಕ್ಕೆ ಆ ಕಂಪನಿಯ ಪಟ್ಟಿಯನ್ನೇ ನೋಡಬೇಕು. ಪಿ ಕೋಡಿನ ಮೂರನೆಯ ಜಾಗದಲ್ಲಿ 1 ಅಥವಾ 2 ಇದ್ದರೆ ಗಾಳಿ ಮತ್ತು ಇಂಧನದ ಲೆಕ್ಕ, 3 ಇದ್ದರೆ ಸ್ಪಾರ್ಕ್ ಮತ್ತು ಮಿಸ್‌ಫೈರ್, 4 ಇದ್ದರೆ ಹೊಗೆ ನಿಯಂತ್ರಣ, 7 ಇದ್ದರೆ ಗೇರ್‌ಬಾಕ್ಸ್. ಇಷ್ಟು ಗೊತ್ತಿದ್ದರೆ ಗ್ಯಾರೇಜಿನಲ್ಲಿ ಯಾರೂ ನಿಮ್ಮನ್ನು ಅಷ್ಟು ಸುಲಭವಾಗಿ ಯಾಮಾರಿಸೋಕೆ ಆಗಲ್ಲ.

ಈ ಪದ್ಧತಿಗೆ ಓಬಿಡಿ-2 ಅಂತ ಹೆಸರು. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಎಲ್ಲ ಕಾರಿಗೂ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್4 (ಹೊಗೆ ಎಷ್ಟಿರಬೇಕು ಅನ್ನುವ ಸರ್ಕಾರಿ ಮಿತಿ) ಕಾರುಗಳಿಗೆ 2013ರ ಏಪ್ರಿಲ್‌ನಿಂದ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಕಾರು ತನ್ನನ್ನು ತಾನು ಗಮನಿಸಿಕೊಳ್ಳುವುದು ಇನ್ನೂ ಜಾಸ್ತಿಯಾಯಿತು. ಸ್ಟೀರಿಂಗ್ ಕೆಳಗೆ, ಮೊಣಕಾಲ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರ್ ಚುಚ್ಚುವುದು ಅಲ್ಲಿ.

ಸ್ಕ್ಯಾನರ್ ಬಗ್ಗೆಯೂ ಒಂದು ಮಾತು. ಆನ್‌ಲೈನಿನಲ್ಲಿ ಕಡಿಮೆ ದುಡ್ಡಿಗೆ ಸಿಗುವ ಬ್ಲೂಟೂತ್ ಡಾಂಗಲ್‌ಗಳೆಲ್ಲ ಇಎಲ್‌ಎಂ327 ಅಂತ ಹೇಳಿಕೊಳ್ಳುತ್ತವೆ. ಅಸಲು ಚಿಪ್ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಅನ್ನುವ ಕಂಪನಿಯದು, ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಮಾರ್ಕೆಟ್ಟಿನಲ್ಲಿ ಸಿಗುವುದೆಲ್ಲ ಹೆಚ್ಚುಕಡಿಮೆ ನಕಲು. ನಕಲಾದರೂ ಕೋಡ್ ಓದುವುದಕ್ಕೆ ಬಹಳಷ್ಟು ಸಾಕಾಗುತ್ತವೆ, ಕೆಲವು ಮಾತ್ರ ಅರ್ಧ ದಾರಿಯಲ್ಲಿ ಕೈಕೊಡುತ್ತವೆ. ಕೆಲಸ ಮುಗಿದ ಮೇಲೆ ಕಿತ್ತಿಡಿ. ಆ ಸಾಕೆಟ್ಟಿನ 16ನೇ ಪಿನ್ನಿಗೆ ಕೀ ಆಫ್ ಇದ್ದರೂ ಬ್ಯಾಟರಿ ಕರೆಂಟ್ ಬರುತ್ತಲೇ ಇರುತ್ತದೆ. ವಾರಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಡಾಂಗಲ್ ಬಿಟ್ಟರೆ ಬೆಳಗ್ಗೆ ಸೆಲ್ಫ್ ಹೊಡೆಯಲ್ಲ.

ಈಗ ನಮ್ಮ ಭಾವನ ಕಾರಿನ ಕಥೆ ಹೇಳುತ್ತೇನೆ. ಅವರ ತೋಟ ಆಲ್ದೂರಿನ ಕಡೆ. ಪುಷ್ಯ ಮಳೆ ಜಡಿ ಹಿಡಿದಿತ್ತು. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕಾಫಿ ಮೂಟೆ ಇಡುವ ಗೋಡೌನ್ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸುತ್ತಾರೆ. ಎಂಜಿನ್ ಲೈಟ್ ಬಂತು. ಬೆಳಗ್ಗೆ ಸ್ಟಾರ್ಟ್ ಆಗೋಕೆ ಒದ್ದಾಡುತ್ತಿತ್ತು. ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು, ಹೊಗೆಯಲ್ಲಿ ಪೆಟ್ರೋಲ್ ವಾಸನೆ. ಇನ್ನೊಂದು ವಿಚಿತ್ರ ಏನೆಂದರೆ ಕೀ ಆನ್ ಮಾಡಿದ ತಕ್ಷಣ, ಎಂಜಿನ್ ತಣ್ಣಗಿದ್ದರೂ, ರೇಡಿಯೇಟರ್ ಫ್ಯಾನ್ ಭರ್ರ್ ಅಂತ ತಿರುಗುತ್ತಿತ್ತು. ಗ್ಯಾರೇಜಿಗೆ ಹೋದರು. ಪಿ0118 ಬಂತು. ಕೂಲೆಂಟ್ ಟೆಂಪರೇಚರ್ ಸೆನ್ಸರ್ ಹೋಗಿದೆ ಅಂತ ಹೊಸದು ಹಾಕಿದರು, ಕೋಡ್ ಅಳಿಸಿದರು, ದುಡ್ಡು ತಗೊಂಡರು. ಮನೆ ತಲುಪುವಷ್ಟರಲ್ಲಿ ಲೈಟ್ ಮತ್ತೆ ಬಂತು. ವಾಪಸ್ ಹೋದರೆ, 'ಹಾಗಾದ್ರೆ ಇಸಿಯು ಹೋಗಿರಬಹುದು' ಅಂದರಂತೆ. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಅದರ ಹೆಸರು ಕೇಳಿದ ತಕ್ಷಣ ಭಾವ ನನಗೆ ಫೋನ್ ಮಾಡಿದರು.

ಈ ಸೆನ್ಸರ್ ಕೆಲಸ ಮಾಡುವ ರೀತಿ ತುಂಬಾ ಸರಳ. ಒಳಗಿರುವುದು ಶಾಖಕ್ಕೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಒಂದು ಚೂರು. ತಣ್ಣಗಿದ್ದಾಗ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಂತೆ ಕಡಿಮೆ. ಕೋಣೆಯ ಶಾಖದಲ್ಲಿ ಸಾಮಾನ್ಯವಾಗಿ 2 ರಿಂದ 3 ಕಿಲೋ ಓಮ್ ಆಸುಪಾಸು ಇರುತ್ತದೆ. ಇಸಿಯು ಒಂದು ವೈರಿನಲ್ಲಿ 5 ವೋಲ್ಟ್ ಕಳಿಸುತ್ತದೆ, ಇನ್ನೊಂದು ವೈರ್ ಅರ್ತ್. ಎರಡು ವೈರಿನ ನಡುವೆ ಎಷ್ಟು ವೋಲ್ಟ್ ಉಳಿಯಿತು ಅಂತ ನೋಡಿ ಶಾಖ ಎಷ್ಟು ಅಂತ ಲೆಕ್ಕ ಹಾಕುತ್ತದೆ. ವೈರ್ ಎಲ್ಲಾದರೂ ತುಂಡಾದರೆ 5 ವೋಲ್ಟೂ ಹಾಗೇ ನಿಲ್ಲುತ್ತದೆ. ಅದು ಇಸಿಯು ಕಣ್ಣಿಗೆ ಅತೀ ಚಳಿ. ಪಿ0118 ಹೇಳುವುದು ಇಷ್ಟೇ, ಈ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಮೇಲಕ್ಕೆ ಹೋಗಿ ನಿಂತಿದೆ ಅಂತ. ಎಂಜಿನ್ ಹೀಟ್ ಆಗಿದೆ ಅಂತಲ್ಲ. ಇದನ್ನು ಹೀಟ್ ಅಂತ ತಿಳಿದು ಕೂಲೆಂಟ್ ಸುರಿಯುವವರೂ ಇದ್ದಾರೆ.

ಡಾಂಗಲ್ ಹಾಕಿ ಲೈವ್ ಡೇಟಾ ತೆಗೆದೆ. ಕೂಲೆಂಟ್ ಶಾಖ ಮೈನಸ್ 40 ಡಿಗ್ರಿ. ನಮ್ಮ ಕಡೆ ಡಿಸೆಂಬರಿನಲ್ಲಿ ಎಷ್ಟೇ ಚಳಿ ಅಂದರೂ ಮೈನಸ್ 40 ಆಗಲ್ಲ ಅಲ್ವಾ? ಪರದೆ ಮೇಲೆ ಈ ಅಂಕಿ ಕಂಡರೆ ಮೊದಲು ವೈರ್ ಮೇಲೆ ಅನುಮಾನ ಪಡಿ. ಇಸಿಯು ಕೂಡ ಇದನ್ನು ಪೂರ್ತಿ ನಂಬಲ್ಲ. ಎಂಜಿನ್ ಸುಟ್ಟುಹೋದೀತು ಅಂತ ಹೆದರಿ ಫ್ಯಾನನ್ನು ಸುಮ್ನೆ ಓಡಿಸುತ್ತಾ ಇರುತ್ತದೆ. ಕೀ ಆನ್ ಮಾಡಿದರೆ ಫ್ಯಾನ್ ತಿರುಗುತ್ತಿದ್ದುದು ಅದಕ್ಕೇ. ಅಂದಹಾಗೆ ಕೆಲವು ಕಾರುಗಳಲ್ಲಿ ಕೋಡ್ ಬಿದ್ದ ಮೇಲೆ ಇಸಿಯು ತಾನೇ ಒಂದು ಬದಲಿ ಅಂಕಿ ತೋರಿಸುತ್ತದೆ. ಆಗ ಮೈನಸ್ 40 ಕಾಣಿಸಲ್ಲ, ಅದಕ್ಕೆ ಮೀಟರೇ ಗತಿ.

ಸೆನ್ಸರ್ ಹೋಗಿದೆಯೋ ವೈರ್ ಹೋಗಿದೆಯೋ ಅಂತ ತಿಳಿಯಲು ಒಂದು ತುಂಡು ವೈರ್ ಸಾಕು. ಸೆನ್ಸರ್‌ನ ವೈರ್ ಸೇರಿಸುವ ಕಪ್ಲರ್ ಬಿಚ್ಚಿ, ಕಪ್ಲರ್ ಒಳಗಿನ ಎರಡು ಪಿನ್ನನ್ನು ಆ ವೈರಿನಿಂದ ಸೇರಿಸಬೇಕು. ವೈರಿಂಗ್ ಸರಿ ಇದ್ದರೆ ಪರದೆ ಮೇಲಿನ ಮೈನಸ್ 40 ಒಂದೇ ಸಲಕ್ಕೆ ನೂರು ದಾಟಿ ಮೇಲೆ ಜಿಗಿಯುತ್ತದೆ. ಆಗ ತಪ್ಪು ಸೆನ್ಸರ್‌ದು. ಜಿಗಿಯದಿದ್ದರೆ ವೈರಿಂಗ್‌ದು. ಇದನ್ನು ಎರಡೇ ಪಿನ್ ಇರುವ ಇಂಥ ಶಾಖದ ಸೆನ್ಸರ್‌ಗೆ ಮಾತ್ರ ಮಾಡಿ. ಮೂರು, ನಾಲ್ಕು ಪಿನ್ ಇರುವ ಕಪ್ಲರ್‌ಗಳಲ್ಲಿ ಕಂಡ ಕಂಡ ಪಿನ್ ಸೇರಿಸಿದರೆ ಇಸಿಯು ನಿಜವಾಗಿಯೂ ಹೋಗುತ್ತದೆ.

ಭಾವನ ಕಾರಿನಲ್ಲಿ ಅಂಕಿ ಅಲ್ಲಾಡಲಿಲ್ಲ. ಮೀಟರ್ ತೆಗೆದೆ. ಎರಡು ಪಿನ್ನಿನ ನಡುವೆ ಸೊನ್ನೆ. ಒಂದು ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದರೆ ಸರಿಯಾಗಿ 5 ವೋಲ್ಟ್. ಅಂದರೆ ಸಿಗ್ನಲ್ ವೈರ್ ಬರುತ್ತಿದೆ, ಅರ್ತ್ ವೈರ್ ಎಲ್ಲೋ ತುಂಡಾಗಿದೆ. ಉಳಿದ ಸೆನ್ಸರ್‌ಗಳೆಲ್ಲ ಸರಿಯಾಗಿ ಓದುತ್ತಿದ್ದವು, ಅಂದಮೇಲೆ ತುಂಡಾದ ಜಾಗ ಈ ಕಪ್ಲರ್‌ನಿಂದ ಬಹಳ ದೂರ ಇರೋಕೆ ಸಾಧ್ಯವಿಲ್ಲ. ವೈರುಗಳ ಮೇಲಿನ ಕಪ್ಪು ಸುರುಳಿ ಪೈಪನ್ನು ಸೀಳು ಹಿಡಿದು ಬಿಡಿಸುತ್ತಾ ಹೋದೆ. ಒಂದು ಗೇಣು ಹೋಗುವಷ್ಟರಲ್ಲಿ ಒಳಗೆ ಕಾಫಿ ಸಿಪ್ಪೆ, ಅಡಿಕೆ ನಾರು, ಹರಿದ ಗೋಣಿ ದಾರ ತುರುಕಿದ್ದು ಸಿಕ್ಕಿತು. ಅದನ್ನು ತೆಗೆದರೆ ಕೆಳಗೆ ವೈರ್ ಎರಡು ತುಂಡು. ತಾಮ್ರ ಇನ್ನೂ ಹೊಳೆಯುತ್ತಿತ್ತು, ತುದಿಯಲ್ಲಿ ಹಲ್ಲಿನ ಗುರುತು ಚಿಕ್ಕದಾಗಿ ಸಾಲಾಗಿ ಕಾಣುತ್ತಿತ್ತು. ಪಕ್ಕದ ವೈರಿನ ಪ್ಲಾಸ್ಟಿಕ್ಕನ್ನೂ ಅರ್ಧ ಕೆರೆದಿತ್ತು, ಅದು ಮುಂದಿನ ವಾರದ ಕೋಡ್.

'ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲೋ ಮಾರಾಯ' ಅಂದರು ಭಾವ.

'ಇಲಿ ಎಲ್ಲಿ ಸಿಕ್ತು ಭಾವ, ಅದು ಶೆಡ್ಡಿನಲ್ಲೇ ಇದೆ' ಅಂದೆ.

ರಿಪೇರಿ ಮಾಡುವಾಗ ದಯವಿಟ್ಟು ವೈರ್ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿ ಬಿಡಬೇಡಿ. ನಮ್ಮ ಮಳೆಗೆ ಟೇಪಿನ ಗೋಂದು ಬಿಟ್ಟು ಜಾರುತ್ತದೆ, ಒಳಗೆ ತೇವ ಸೇರಿ ತಾಮ್ರ ಹಸಿರಾಗುತ್ತದೆ, ಆರು ತಿಂಗಳಿಗೆ ಅದೇ ಕೋಡ್ ಮತ್ತೆ ಬರುತ್ತದೆ. ಅದೂ ಗುಂಡಿಗೆ ಬಿದ್ದಾಗ ಮಾತ್ರ ಬಂದು ಹೋಗುವ ಕೋಡ್, ಹುಡುಕುವವನಿಗೆ ನರಕ. ಹೊಳೆಯುವ ತಾಮ್ರ ಸಿಗುವವರೆಗೂ ವೈರ್ ಕತ್ತರಿಸಿ, ಬೇಕಾದರೆ ಹೊಸ ತುಂಡು ಸೇರಿಸಿ, ಸೋಲ್ಡರ್ ಹಾಕಿ, ಬಿಸಿ ಮಾಡಿದರೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಎರಡು ವೈರಿನ ಜಾಯಿಂಟ್ ಒಂದೇ ಜಾಗಕ್ಕೆ ಬರದ ಹಾಗೆ ಸ್ವಲ್ಪ ಹಿಂದೆ ಮುಂದೆ ಮಾಡಿ. ಇಲಿಗೆ ಪೂರ್ತಿ ಮದ್ದು ನನಗಂತೂ ಇನ್ನೂ ಸಿಕ್ಕಿಲ್ಲ. ನುಸಿಗುಳಿಗೆ ಕಟ್ಟುವವರಿದ್ದಾರೆ, ಬಟ್ಟೆಯಲ್ಲಿ ಹೊಗೆಸೊಪ್ಪು ಕಟ್ಟಿ ಎಂಜಿನ್ ಮೇಲೆ ನೇತು ಹಾಕುವವರಿದ್ದಾರೆ. ವಾಸನೆ ಇರುವವರೆಗೆ ಅಷ್ಟೋ ಇಷ್ಟೋ ನಡೆಯುತ್ತದೆ. ಮೂಟೆ ಇಡುವ ಜಾಗದಿಂದ ಕಾರನ್ನು ದೂರ ನಿಲ್ಲಿಸುವುದು, ದಿನಾ ಒಂದು ಸಲ ಓಡಿಸುವುದು, ಬಾನೆಟ್ ಎತ್ತಿ ನೋಡುವುದು, ಇವು ಅದಕ್ಕಿಂತ ವಾಸಿ.

ಇನ್ನು ಪಿ0171. ಇದು ಆಕ್ಸಿಜನ್ ಸೆನ್ಸರ್ ಮಾರುವವರಿಗೆ ಹಬ್ಬ. ಈ ಕೋಡ್ ಹೇಳುವುದು ಏನು ಅಂದರೆ ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತಿದೆ ಅಂತ. ಪೆಟ್ರೋಲ್ ಸರಿಯಾಗಿ ಉರಿಯೋಕೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿ, ಆಮ್ಲಜನಕ ಉಳಿದಿದೆ ಅಂತ ವರದಿ ಕೊಡುತ್ತದೆ. ಇಸಿಯು ಪೆಟ್ರೋಲ್ ಜಾಸ್ತಿ ಮಾಡುತ್ತಾ ಹೋಗುತ್ತದೆ. ಎಷ್ಟು ಜಾಸ್ತಿ ಮಾಡಿತು ಅನ್ನುವುದನ್ನು ಶೇಕಡಾ ಲೆಕ್ಕದಲ್ಲಿ ನಾವು ನೋಡಬಹುದು, ಅದೇ ಫ್ಯೂಯೆಲ್ ಟ್ರಿಮ್. ಆರೋಗ್ಯವಾಗಿರುವ ಕಾರಿನಲ್ಲಿ ಅದು ಸೊನ್ನೆಯ ಅಕ್ಕಪಕ್ಕ ಪ್ಲಸ್ 5, ಮೈನಸ್ 5 ಹೀಗೆ ಆಡುತ್ತಾ ಇರುತ್ತದೆ. ಪ್ಲಸ್ 20, 25ರ ಹತ್ತಿರ ಹೋಗಿ ಅಲ್ಲೇ ನಿಂತರೆ ಇಸಿಯು ಕೈಚೆಲ್ಲಿ ಲೈಟ್ ಹಾಕುತ್ತದೆ.

ಸ್ಕ್ಯಾನರ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಟ್ರಿಮ್. ಯಾಕೆ ಅಂದರೆ ಇದೊಂದೇ ಅಂಕಿ ಅರ್ಧ ಹುಡುಕಾಟ ಮುಗಿಸುತ್ತದೆ. ಗಾಡಿ ನಿಂತಲ್ಲೇ ಐಡ್ಲಿಂಗ್‌ನಲ್ಲಿ ಒಮ್ಮೆ ನೋಡಿ, ಆಮೇಲೆ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದು ಇನ್ನೊಮ್ಮೆ ನೋಡಿ. ಐಡ್ಲಿಂಗ್‌ನಲ್ಲಿ ಪ್ಲಸ್ 22 ಇದ್ದದ್ದು ಆರ್‌ಪಿಎಂ ಏರಿದಾಗ 5ಕ್ಕೆ ಇಳಿದರೆ ಎಲ್ಲೋ ಸೀಳಿನಿಂದ ಕಳ್ಳಗಾಳಿ ನುಗ್ಗುತ್ತಿದೆ ಅಂತ ಲೆಕ್ಕ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಅದರಲ್ಲಿ ಸೀಳಿನ ಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿದಾಗ ಆ ಪಾಲು ಲೆಕ್ಕಕ್ಕೇ ಬರಲ್ಲ. ಅದೇ ಉಲ್ಟಾ, ಐಡ್ಲಿಂಗ್‌ನಲ್ಲಿ ಸರಿ ಇದ್ದು ಘಾಟಿ ಹತ್ತುವಾಗ ಟ್ರಿಮ್ ಏರುತ್ತಾ ಹೋದರೆ ಪೆಟ್ರೋಲೇ ಸಾಕಷ್ಟು ಬರುತ್ತಿಲ್ಲ. ಪಂಪ್ ಸೋತಿದೆ, ಅಥವಾ ಫಿಲ್ಟರ್ ಕಟ್ಟಿದೆ, ಅಥವಾ ಗಾಳಿ ಅಳೆಯುವ ಸೆನ್ಸರ್ ಮೇಲೆ ಧೂಳು ಕೂತು ಕಡಿಮೆ ಅಳೆಯುತ್ತಿದೆ.

ನನ್ನದೇ ಗಾಡಿಯಲ್ಲಿ ಇದು ಬಂದಿತ್ತು. ಫ್ರೀಜ್ ಫ್ರೇಮ್ ನೋಡಿದೆ. ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಅನ್ನುವುದನ್ನು ಇಸಿಯು ಬರೆದಿಟ್ಟುಕೊಂಡಿರುತ್ತದೆ, ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ವೇಗ ಸೊನ್ನೆ, ಆರ್‌ಪಿಎಂ 800ರ ಒಳಗೆ, ಎಂಜಿನ್ ಚೆನ್ನಾಗಿ ಬಿಸಿಯಾಗಿದೆ. ಅಂದರೆ ಎಲ್ಲೋ ನಿಂತಿದ್ದಾಗ ಬಿದ್ದ ಕೋಡ್. ಟ್ರಿಮ್ ಕೂಡ ಅದೇ ಕಥೆ ಹೇಳಿತು. ಸೀಳು ಹುಡುಕಲು ದೊಡ್ಡ ಗ್ಯಾರೇಜ್‌ಗಳಲ್ಲಿ ಹೊಗೆ ಮಷೀನ್ ಇರುತ್ತದೆ. ನನ್ನ ಹತ್ತಿರ ಇದ್ದದ್ದು ಊದುಬತ್ತಿ. ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಫ್ಯಾನ್ ತಿರುಗದೇ ಇರುವ ಹೊತ್ತು ನೋಡಿ, ಊದುಬತ್ತಿಯನ್ನು ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಕಡೆಯ ಪೈಪುಗಳ ಉದ್ದಕ್ಕೂ ನಿಧಾನವಾಗಿ ಒಯ್ದೆ. ಹೊಗೆ ನೆಟ್ಟಗೆ ಮೇಲೆ ಹೋಗುತ್ತಿದ್ದದ್ದು ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಎಳೆದುಕೊಳ್ಳುವ ಪಿಸಿವಿ ಪೈಪಿನ ಮೊಣಕೈ ಹತ್ತಿರ ಬಂದಾಗ ಸಟಕ್ಕನೆ ಬಾಗಿ ಒಳಗೆ ಹೋಯಿತು. ಕೈ ಹಾಕಿ ಅದುಮಿದರೆ ಅಡಿಭಾಗದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮೇಲಿಂದ ಕಾಣುವಂತೆಯೇ ಇರಲಿಲ್ಲ. ಪೈಪ್ ಬದಲಾಯಿಸಿದ ಮೇಲೆ ಟ್ರಿಮ್ ತಾನಾಗಿ ಇಳಿಯಿತು, ಆಕ್ಸಿಜನ್ ಸೆನ್ಸರ್ ಇವತ್ತಿಗೂ ಹಳೆಯದೇ. ಪೆಟ್ರೋಲ್ ವಾಸನೆ ಒಂಚೂರು ಇದ್ದರೂ ಮಾತ್ರ ಊದುಬತ್ತಿಯ ಸಹವಾಸ ಬೇಡ. ಗೊತ್ತಾಯ್ತಲ್ಲ.

ಎತ್ತರದ ವಿಷಯ ಹೇಳಲೇಬೇಕು, ಯಾಕೆಂದರೆ ಇಂಟರ್‌ನೆಟ್ಟಿನಲ್ಲಿ ನೋಡಿ ಕಲಿತವರು ಇಲ್ಲಿ ಎಡವುತ್ತಾರೆ. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಸರಿ ಇದೆಯಾ ಅಂತ ನೋಡಲು ಸುಲಭದ ದಾರಿ, ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಅಂಕಿ ನೋಡುವುದು. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ವಿಡಿಯೋಗಳಲ್ಲಿ 101 ಕಿಲೋಪ್ಯಾಸ್ಕಲ್ ಬರಬೇಕು ಅನ್ನುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಹಾಸನ, ಚಿಕ್ಕಮಗಳೂರು ಸಾವಿರ ಮೀಟರಿನ ಆಸುಪಾಸು ಇರುವ ಊರುಗಳು, ಇಲ್ಲಿ 90ರ ಹತ್ತಿರ ಬರುವುದೇ ಸರಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಾದರೆ ಒತ್ತಡ 80ರ ಹತ್ತಿರಕ್ಕೆ ಇಳಿಯುತ್ತದೆ. 90 ತೋರಿಸುತ್ತಿದೆ, ಕಮ್ಮಿ ಬಂತು, ಮ್ಯಾಪ್ ಸೆನ್ಸರ್ ಹೋಗಿದೆ ಅಂತ ತೀರ್ಮಾನ ಮಾಡಬೇಡಿ. ಗಿರಿ ಹತ್ತುವಾಗ ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಪಿಕಪ್ ಇಲ್ಲ ಅನಿಸುವುದೂ ಇದಕ್ಕೇ. ಪ್ರತಿ ಸಾವಿರ ಮೀಟರಿಗೆ ಶಕ್ತಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕುಸಿಯುತ್ತದೆ. ಅದು ರೋಗವಲ್ಲ.

ಮಿಸ್‌ಫೈರ್ ಕೋಡ್ ನಮ್ಮಲ್ಲಿ ಬರುವುದು ಹೆಚ್ಚಾಗಿ ವಾಟರ್ ಸರ್ವಿಸ್ ಮಾಡಿಸಿದ ಮಾರನೇ ದಿನ. ಕೆಸರು ಹೋಗಲಿ ಅಂತ ಬಾನೆಟ್ ಎತ್ತಿಸಿ ಜೆಟ್ ಹೊಡೆಸುತ್ತಾರೆ, ನೀರು ಸ್ಪಾರ್ಕ್ ಪ್ಲಗ್ಗಿನ ಗುಂಡಿಯಲ್ಲಿ ನಿಲ್ಲುತ್ತದೆ, ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಗಾಡಿ ಮಿಸ್ ಹೊಡೆಯುತ್ತದೆ. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು, ಹೀಗೆ. ಪಿ0300 ಬಂದರೆ ಯಾವುದು ಅಂತ ಇಸಿಯುಗೂ ಗೊತ್ತಾಗಿಲ್ಲ. ಒಂದು ಸಿಲಿಂಡರ್ ಮಾತ್ರ ಅಂದರೆ ಅದರ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ತೆಗೆದು ಪಕ್ಕದ ಸಿಲಿಂಡರಿಗೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ಹಾಕಿ, ಸ್ವಲ್ಪ ಓಡಿಸಿ. ಪಿ0302 ಇದ್ದದ್ದು ಪಿ0303 ಆದರೆ ಕಾಯಿಲ್ ಕೆಟ್ಟಿದೆ, ಖುಷಿಯಾಗಿ ಹೊಸದು ತನ್ನಿ. ಕೋಡ್ ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಹೀಗೆ ಮುಂದೆ ಹೋಗಿ. ಇಲ್ಲಿ ಒಂದು ಎಚ್ಚರಿಕೆ. ಎಂಜಿನ್ ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು, ಎಣ್ಣೆಯ ಕೆಂಪು ಲೈಟ್, ಹೀಟ್ ಲೈಟ್ ಬಂದಿಲ್ಲ ಅಂತ ನೋಡಿಕೊಂಡು. ಮಿನುಗುತ್ತಿದ್ದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಆದಷ್ಟು ಬೇಗ ನಿಲ್ಲಿಸಿ. ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತಿದೆ ಅಂತ ಅದರ ಅರ್ಥ. ಕಾಯಿಲ್ ಉಳಿಸೋಕೆ ಹೋಗಿ ಕನ್ವರ್ಟರ್ ಕಳಕೊಂಡರೆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಡೀಸೆಲ್ ಬಿಎಸ್6 ಗಾಡಿ ಇಟ್ಟುಕೊಂಡಿರುವ ತೋಟದವರ ಗೋಳು ಬೇರೆಯೇ. ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅಂತ ಒಂದು ಫಿಲ್ಟರ್ ಇದೆ. ಅದು ತುಂಬಿದಾಗ ಗಾಡಿ ತಾನೇ ಡೀಸೆಲ್ ಜಾಸ್ತಿ ಹಾಕಿ, 600 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿ ಮಸಿ ಸುಡುತ್ತದೆ. ಅದಕ್ಕೆ ಗಾಡಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಬೇಕು. ಮೂಡಿಗೆರೆ ಕಡೆಯ ತೋಟದ ದಾರಿಯಲ್ಲಿ ಸೆಕೆಂಡ್ ಗೇರಿನಲ್ಲೇ ಹೋಗಿ, ಕೆಲಸದವರಿಗೆ ಗೊಬ್ಬರ ಇಳಿಸಿ, ಅಲ್ಲೇ ಆಫ್ ಮಾಡಿ ಬರುವವರಿಗೆ ಆ ಅವಕಾಶವೇ ಸಿಗಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಾಗೆ ನಿಂತಷ್ಟೂ ಮಿಕ್ಕ ಡೀಸೆಲ್ ಎಂಜಿನ್ ಆಯಿಲಿಗೆ ಸೇರಬಹುದು, ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಏರಿರುತ್ತದೆ. ಆಯಿಲ್ ಕಡಿಮೆಯಾದರೆ ಎಲ್ಲರೂ ಗಾಬರಿಯಾಗುತ್ತಾರೆ, ಏರಿದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ.

ಹಾಗಾಗಿ ಡಿಪಿಎಫ್ ಲೈಟ್ ಬಂದ ದಿನವೇ ಕಡೂರು ರಸ್ತೆಗೋ ಹಾಸನ ದಾಟಿ ಬೆಂಗಳೂರು ಹೈವೇಗೋ ಗಾಡಿ ತಿರುಗಿಸಿ. 60 ಕಿಲೋಮೀಟರ್ ಮೇಲೆ ವೇಗ, ಆರ್‌ಪಿಎಂ 2,000 ಹತ್ತಿರ ಹಿಡಿದು ಇಪ್ಪತ್ತು ನಿಮಿಷ ಓಡಿಸಿದರೆ ಬಹಳ ಸಲ ಲೈಟ್ ತಾನೇ ಹೋಗುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಸರಿಯಾದ ಅಂಕಿ ಬರೆದಿರುತ್ತಾರೆ, ಅದನ್ನೇ ನೋಡಿ. ನಾಳೆ ನೋಡೋಣ ಅಂತ ಬಿಟ್ಟರೆ ಪಿ2463 ಬರುತ್ತದೆ, ಮಸಿ ಮಿತಿ ಮೀರಿದೆ ಅಂತ. ಆಗ ಹೈವೇ ಸುತ್ತಿದರೆ ಸಾಲದು, ದೊಡ್ಡ ಸ್ಕ್ಯಾನರ್‌ನಿಂದ ಬಲವಂತವಾಗಿ ಸುಡಿಸಬೇಕು. ಸುಡುತ್ತಿರುವಾಗ ಒಣ ತರಗೆಲೆ, ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ, ತೋಟದವರಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ಇನ್ನು ಡಿಪಿಎಫ್ ಕಿತ್ತು ಹಾಕಿ ಸಾಫ್ಟ್‌ವೇರ್ ಬದಲಾಯಿಸಿ ಕೊಡ್ತೀವಿ ಅನ್ನುವವರು ಸಿಗುತ್ತಾರೆ. ಅದು ಕಾನೂನಿಗೂ ವಿರುದ್ಧ, ಹಿಂದೆ ಬರುವವರ ಮುಖಕ್ಕೆ ಮಸಿ ಬಳಿಯುವ ಕೆಲಸ ಕೂಡ.

ಒಂದೇ ಸಲ ಏಳೆಂಟು ಕೋಡ್, ಅದರಲ್ಲೂ ಯು ಅಕ್ಷರದವು ಸಾಲಾಗಿ ಬಂದರೆ ಗಾಬರಿಯಾಗಬೇಡಿ. ಮೊದಲು ಬ್ಯಾಟರಿ ನೋಡಿ. ಎಂಜಿನ್ ಆಫ್ ಇದ್ದಾಗ 12.4 ವೋಲ್ಟಿಗಿಂತ ಮೇಲೆ, ಓಡುವಾಗ ಸಾಮಾನ್ಯವಾಗಿ 13.8 ರಿಂದ 14.4 ಇರಬೇಕು. ಟರ್ಮಿನಲ್ ಮೇಲೆ ಬಿಳಿ, ಹಸಿರು ಹುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿ. ನಿಶ್ಶಕ್ತ ಬ್ಯಾಟರಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದು ಎಲ್ಲ ಕಂಪ್ಯೂಟರ್‌ಗಳೂ ತಲೆಗೊಂದು ಮಾತಾಡುತ್ತವೆ. ಅದನ್ನು ನೋಡಿ ಸೆನ್ಸರ್ ಲಿಸ್ಟ್ ಬರೆದುಕೊಡುವವರೂ ಇದ್ದಾರೆ.

ಕೋಡ್ ಅಳಿಸುವ ಚಟದ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿದ ತಕ್ಷಣ ಮಾಡುವ ಮೊದಲ ಕೆಲಸ ಅದು. 'ಡಿಲೀಟ್ ಮಾಡಿದೀನಿ ಸಾರ್, ಮತ್ತೆ ಬಂದ್ರೆ ಬನ್ನಿ.' ಅಳಿಸಿದಾಗ ಕೋಡ್ ಜೊತೆ ಫ್ರೀಜ್ ಫ್ರೇಮೂ ಹೋಗುತ್ತದೆ, ಇಸಿಯು ಕಲಿತಿದ್ದ ಟ್ರಿಮ್ಮೂ ಹೋಗುತ್ತದೆ. ಹುಡುಕೋಕೆ ಇದ್ದ ಸುಳಿವೆಲ್ಲ ಹೋದ ಮೇಲೆ ನನಗೆ ಫೋನ್ ಮಾಡಿದರೆ ನಾನಾದರೂ ಏನು ಮಾಡಲಿ? ಅಳಿಸುವ ಮೊದಲು ಪರದೆಯ ಫೋಟೋ ತೆಗೆದುಕೊಳ್ಳಿ, ಫ್ರೀಜ್ ಫ್ರೇಮ್ ಪುಟದ್ದೂ ಸೇರಿಸಿ. ತಪ್ಪು ನಿಜವಾಗಿ ಸರಿಹೋಗಿದ್ದರೆ ಅಳಿಸುವ ಅಗತ್ಯವೇ ಇಲ್ಲ. ಸಾಮಾನ್ಯವಾಗಿ ಮೂರು ಸಲ ಸರಿಯಾಗಿ ಓಡಿ ಇಸಿಯುನ ಪರೀಕ್ಷೆ ಪಾಸಾದರೆ ಲೈಟ್ ತಾನೇ ಆರುತ್ತದೆ. ಹಳೆಯ ಕೋಡ್ ನೆನಪಿನಲ್ಲಿ ಉಳಿದಿದ್ದು, ಎಂಜಿನ್ ನಲವತ್ತು ಸಲ ತಣ್ಣಗಾಗಿ ಬಿಸಿಯಾದ ಮೇಲೆ ಅದೂ ಹೋಗುತ್ತದೆ.

ಕೊನೆಗೆ, ಕೈ ಹಾಕಬಾರದ ಜಾಗಗಳು. ಏರ್‌ಬ್ಯಾಗ್ ಲೈಟ್ ಬಂದಿದ್ದರೆ ಹಳದಿ ಕಪ್ಲರ್‌ಗಳನ್ನು ಮುಟ್ಟಬೇಡಿ, ಮೀಟರ್ ಹಚ್ಚುವುದಂತೂ ಬೇಡವೇ ಬೇಡ. ನಮ್ಮ ಚಿಕ್ಕ ಡಾಂಗಲ್‌ಗಳು ಆ ಕೋಡನ್ನು ಬಹಳ ಸಲ ಓದುವುದೂ ಇಲ್ಲ, ಷೋರೂಮಿಗೇ ಒಯ್ಯಿರಿ. ಡೀಸೆಲ್ಲಿನಲ್ಲಿ ಪಿ0087 ಬಂದರೆ, ಅಂದರೆ ಇಂಜೆಕ್ಟರ್ಗಳಿಗೆ ಡೀಸೆಲ್ ಹಂಚುವ ರೈಲ್ ಅನ್ನುವ ಪೈಪಿನಲ್ಲಿ ಒತ್ತಡ ಕಡಿಮೆ ಅಂತ ಬಂದರೆ, ಮೊದಲು ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಬಿಟ್ಟು ನೀರು ಇಳಿಸಿ ನೋಡಿ, ಫಿಲ್ಟರ್ ಯಾವಾಗ ಬದಲಾಯಿಸಿದ್ದು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಅರ್ಧ ಕೇಸು ಅಲ್ಲಿಗೇ ಮುಗಿಯುತ್ತದೆ. ಅದಕ್ಕೂ ಮುಂದೆ ಹೋಗಿ ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ನೋಡುವ ಹಳೇ ಕಾಲದ ಜೀಪಿನ ಅಭ್ಯಾಸ ಬೇಡ. ಈಗಿನ ಕಾಮನ್ ರೈಲಿನಲ್ಲಿ ಒತ್ತಡ 1,600 ಬಾರ್‌ವರೆಗೂ ಹೋಗುತ್ತದೆ, ಕೆಲವದರಲ್ಲಿ ಅದಕ್ಕೂ ಜಾಸ್ತಿ. ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಮನೆಯಲ್ಲಿ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.